ಸಂಯುಕ್ತದ ಹೆಸರು, ಸಮೀಕರಣದ ಲೆಕ್ಕ: ಯಾವ ವಿಧಾನ ಯಾವಾಗ?

ಹತ್ತನೇ ತರಗತಿಯ ವಿಜ್ಞಾನದಲ್ಲಿ ಮೊದಲ ಪಾಠವೇ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಸಮೀಕರಣ ಸರಿದೂಗಿಸಲು ಅಲ್ಲಿ ಸಿಗುವುದು ಒಂದೇ ದಾರಿ: ಅಂಕಿ ಹಾಕಿ ನೋಡುವುದು, ಕೂಡದಿದ್ದರೆ ಬದಲಿಸುವುದು. ಮುಂದಿನ ವರ್ಷ ಕಲಬುರಗಿಯಲ್ಲೋ ಬೀದರ್‌ನಲ್ಲೋ ಪಿಯುಸಿ ಸೈನ್ಸ್ ಸೇರಿದರೆ ಉತ್ಕರ್ಷಣ ಸಂಖ್ಯೆಯ (ಪ್ರತಿ ಪರಮಾಣುವಿಗೆ ಲೆಕ್ಕಕ್ಕೆಂದು ಕೊಡುವ ಆವೇಶದ ಅಂಕಿಯ) ವಿಧಾನ, ಎಲೆಕ್ಟ್ರಾನ್ ಕೊಡುವುದನ್ನೂ ಪಡೆಯುವುದನ್ನೂ ಬೇರೆಬೇರೆ ಬರೆದು ಕೂಡಿಸುವ ಅರ್ಧಕ್ರಿಯೆಯ ವಿಧಾನ ಎಂದು ಇನ್ನೆರಡು ಎದುರಾಗುತ್ತವೆ. ಟ್ಯೂಷನ್‌ಗೆ ಹೋದರೆ ಬೀಜಗಣಿತದ ದಾರಿಯೊಂದು ಮೇಲೆ ಬೀಳುತ್ತದೆ. ಹೆಸರುಗಳೂ ಹಾಗೇ. ಒಂದು ಪುಸ್ತಕದಲ್ಲಿ ಫೆರಿಕ್ ಕ್ಲೋರೈಡ್, ಇನ್ನೊಂದರಲ್ಲಿ ಐರನ್ (3) ಕ್ಲೋರೈಡ್. ಲ್ಯಾಬ್‌ನಲ್ಲಿರುವುದು ಒಂದೇ ಬಾಟಲಿ.

ತೀರ್ಪು ಮೊದಲೇ ಹೇಳಿಬಿಡೋಣ. ಎಸೆಸೆಲ್ಸಿ ಮಟ್ಟಕ್ಕೆ ಅಂಕಿ ಹಾಕಿ ನೋಡುವ ವಿಧಾನವೇ ಸಾಕು, ಕ್ರಮ ಮಾತ್ರ ಸರಿಯಿರಬೇಕು. ರಿಡಾಕ್ಸ್ ಕ್ರಿಯೆಯನ್ನು (ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಹೋಗುವ ಕ್ರಿಯೆ) ಪೂರ್ಣ ಸೂತ್ರಗಳಲ್ಲಿ ಕೊಟ್ಟಿದ್ದರೆ ಉತ್ಕರ್ಷಣ ಸಂಖ್ಯೆ ಹಿಡಿಯಿರಿ. ಅಯಾನುಗಳಲ್ಲಿ ಕೊಟ್ಟು ಪಕ್ಕದಲ್ಲಿ ‘ಆಮ್ಲೀಯ ಮಾಧ್ಯಮ’ ಎಂದಿದ್ದರೆ ಅರ್ಧಕ್ರಿಯೆ. ಬೀಜಗಣಿತ ಕಡೆಯ ಆಸರೆ, ಅದನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಸೂತ್ರ ತಪ್ಪಿದ್ದರೆ ಈ ನಾಲ್ಕರಲ್ಲಿ ಯಾವುದೂ ಕಾಯುವುದಿಲ್ಲ. ಸೂತ್ರ ತಪ್ಪುವುದು ಹೆಸರನ್ನು ಸರಿಯಾಗಿ ಓದದಿದ್ದಾಗ. ಆದ್ದರಿಂದ ಹೆಸರಿನಿಂದಲೇ ಶುರು.

ಇಲ್ಲಿ ಸಮೀಕರಣಗಳನ್ನೆಲ್ಲ ಹೆಸರಿನಲ್ಲೇ ಬರೆದಿದೆ. ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಪ್ರತಿಯೊಂದರ ಸೂತ್ರ ಬರೆಯುತ್ತಾ ಓದಿ. ಎಲ್ಲಿ ಕೈ ನಿಲ್ಲುತ್ತದೋ ಆ ಹೆಸರು ಇನ್ನೂ ಕಲಿಯುವುದಿದೆ ಎಂದರ್ಥ.

ಯಾವ ಹೆಸರು ಬಳಸಬೇಕು?

ರೂಢಿಯ ಹೆಸರು ಪೇಟೆಗೆ ಸರಿ, ಸಮೀಕರಣಕ್ಕೆ ಅಪಾಯ. ‘ಸುಣ್ಣ’ವನ್ನೇ ತೆಗೆದುಕೊಳ್ಳಿ. ಸೇಡಂ, ವಾಡಿ ಕಡೆಯ ಸಿಮೆಂಟ್ ಫ್ಯಾಕ್ಟರಿಯ ಗೂಡಿಗೆ ಹೋಗುವ ಸುಣ್ಣದ ಕಲ್ಲು, ಮನೆಮನೆಗೆ ಹಾಸುವ ಶಹಾಬಾದ್ ಫರಸಿ, ಎರಡರಲ್ಲೂ ಮುಖ್ಯವಾಗಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸಿಗುವ ಸುಟ್ಟ ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್. ಅದಕ್ಕೆ ನೀರು ಹಾಕಿದಾಗ ಕುದಿದು ಅರಳುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಗೋಡೆಗೆ ಬಳಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಾರ್ಬೊನೇಟ್ ಆಗುತ್ತದೆ. ಈ ಮೂರೂ ಕ್ರಿಯೆಗಳಲ್ಲಿ ಎಲ್ಲ ಗುಣಾಂಕಗಳೂ (ಸೂತ್ರದ ಮುಂದಿನ ಅಂಕಿಗಳು) 1, ಸರಿದೂಗಿಸುವ ಕೆಲಸವೇ ಇಲ್ಲ. ಆದರೂ ಉತ್ತರ ಪತ್ರಿಕೆಯಲ್ಲಿ ತಪ್ಪು ಬೀಳುವುದು ಇಲ್ಲೇ, ಯಾಕೆಂದರೆ ಬಾಯಲ್ಲಿ ಮೂರೂ ಸುಣ್ಣವೇ. ಸೂತ್ರ ಸರಿಯಾದರೆ ತೂಕವೂ ತಾನಾಗಿ ಸರಿಹೋಗುತ್ತದೆ: 100 ಕಿಲೋ ಶುದ್ಧ ಕಾರ್ಬೊನೇಟ್ ಸುಟ್ಟರೆ 56 ಕಿಲೋ ಆಕ್ಸೈಡ್, 44 ಕಿಲೋ ಅನಿಲ.

ಎರಡನೆಯದು ‘ಅಸ್–ಇಕ್’ ಹೆಸರು: ಫೆರಸ್, ಫೆರಿಕ್, ಕ್ಯುಪ್ರಸ್, ಕ್ಯುಪ್ರಿಕ್. ‘ಇಕ್’ ಎಂದರೆ ಎರಡು ವೇಲೆನ್ಸಿಗಳಲ್ಲಿ ಹೆಚ್ಚಿನದು ಅಂತಷ್ಟೇ, ಎಷ್ಟು ಅನ್ನುವುದನ್ನು ಅದು ಹೇಳುವುದಿಲ್ಲ. ಫೆರಿಕ್ ಅಂದರೆ 3, ಕ್ಯುಪ್ರಿಕ್ ಅಂದರೆ 2, ಸ್ಟ್ಯಾನಿಕ್ (ತವರ) ಅಂದರೆ 4. ‘ಇಕ್ ಬಂದರೆ ಮೂರು’ ಎಂದು ಬಾಯಿಪಾಠ ಮಾಡಿದವರು ತಾಮ್ರದ ಸೂತ್ರದಲ್ಲಿ ಎಡವುತ್ತಾರೆ. ಮ್ಯಾಂಗನೀಸ್‌ನ ಸಂಯುಕ್ತಗಳಲ್ಲಂತೂ 2, 4, 6, 7 ಎಲ್ಲ ಬರುತ್ತವೆ. ಎರಡು ಪ್ರತ್ಯಯ ಅಲ್ಲಿ ಯಾವ ಮೂಲೆಗೂ ಸಾಲುವುದಿಲ್ಲ.

ಈ ತೊಡಕಿಗೆ ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಸೂಚಿಸಿದ ಪರಿಹಾರವೇ ಲೋಹದ ಹೆಸರಿನ ಪಕ್ಕ ಕಂಸದಲ್ಲಿ ರೋಮನ್ ಅಂಕಿ ಹಾಕುವುದು. ಇಲ್ಲಿ ಮಾಮೂಲಿ ಅಂಕಿ ಹಾಕಿದ್ದೇವೆ, ಪರೀಕ್ಷೆಯಲ್ಲಿ ರೋಮನ್ ಅಂಕಿಯೇ ಇರಲಿ. ಪಿಯುಸಿಗೆ ಹೋಗುವವರಿಗೆ ನಮ್ಮ ಸಲಹೆ ಇದೇ: ಓದುವಾಗ ಎರಡೂ ಗುರುತಿಸಿ, ಬರೆಯುವಾಗ ಸ್ಟಾಕ್ ಪದ್ಧತಿ. ಆದರೆ ಕಂಸದ ಅಂಕಿ ಹೇಳುವುದು ಲೋಹದ ಆವೇಶವನ್ನು, ಎಷ್ಟು ಪರಮಾಣು ಅನ್ನುವುದನ್ನಲ್ಲ. ಐರನ್ (3) ಆಕ್ಸೈಡ್‌ನಲ್ಲಿ ಕಬ್ಬಿಣದ ಪರಮಾಣು ಎರಡು, ಆಕ್ಸಿಜನ್ ಮೂರು. ಸೋಡಿಯಂ, ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಸತುವಿನಂಥ ಒಂದೇ ವೇಲೆನ್ಸಿಯ ಲೋಹಗಳಿಗೆ ಕಂಸದ ಅಂಕಿಯೇ ಬೇಡ.

ಡೈ, ಟ್ರೈ, ಪೆಂಟಾ ಎಂಬ ಎಣಿಕೆಯ ಹೆಸರುಗಳನ್ನು ಶಾಲೆಯಲ್ಲಿ ಎರಡು ಅಲೋಹಗಳ ಸಂಯುಕ್ತಕ್ಕೆ ಇಟ್ಟುಕೊಳ್ಳಿ: ಡೈನೈಟ್ರೋಜನ್ ಪೆಂಟಾಕ್ಸೈಡ್, ಕಾರ್ಬನ್ ಮೊನಾಕ್ಸೈಡ್. ಇಲ್ಲಿ ಹೆಸರೇ ಸೂತ್ರ, ಆವೇಶದ ಲೆಕ್ಕ ಬೇಕಿಲ್ಲ.

ಇನ್ನು ಬಲೆಗಳು. ಬೇರಿಯಂ ಪೆರಾಕ್ಸೈಡ್‌ನಲ್ಲೂ ಮ್ಯಾಂಗನೀಸ್ ಡೈಆಕ್ಸೈಡ್‌ನಲ್ಲೂ ಒಂದು ಲೋಹಕ್ಕೆ ಎರಡು ಆಕ್ಸಿಜನ್. ಸೂತ್ರ ನೋಡಿದರೆ ಅಣ್ಣತಮ್ಮಂದಿರ ಹಾಗಿವೆ. ಆದರೆ ಬೇರಿಯಂ ಯಾವತ್ತೂ 2ನ್ನು ದಾಟುವುದಿಲ್ಲ, ಆದ್ದರಿಂದ ಅಲ್ಲಿ ಪ್ರತಿ ಆಕ್ಸಿಜನ್ ಮೇಲೆ ಋಣ 1. ಮ್ಯಾಂಗನೀಸ್ ಡೈಆಕ್ಸೈಡ್‌ನಲ್ಲಿ ಲೋಹ 4, ಆಕ್ಸಿಜನ್ ಎಂದಿನಂತೆ ಋಣ 2. ಮುಂದೆ ಎಲೆಕ್ಟ್ರಾನ್ ಲೆಕ್ಕಕ್ಕೆ ಬಂದಾಗ ಈ ವ್ಯತ್ಯಾಸ ಉತ್ತರವನ್ನೇ ತಿರುಗಿಸುತ್ತದೆ. ಕನ್ನಡ ಮಾಧ್ಯಮದವರಿಗೆ ಇನ್ನೊಂದು: ಸಲ್ಫೈಡ್, ಸಲ್ಫೈಟ್, ನೈಟ್ರೈಡ್, ನೈಟ್ರೈಟ್. ಅವಸರದ ಕೈಬರಹದಲ್ಲಿ ‘ಡ್’ ಮತ್ತು ‘ಟ್’ ಒಂದೇ ತರ ಕಾಣುತ್ತವೆ. ‘ಡ್’ ಇದ್ದರೆ ಆಕ್ಸಿಜನ್ ಇಲ್ಲ, ‘ಟ್’ ಇದ್ದರೆ ಇದೆ. ಹೈಡ್ರಾಕ್ಸೈಡ್, ಪೆರಾಕ್ಸೈಡ್, ಆಕ್ಸೈಡ್‌ಗಳು ಈ ನಿಯಮದ ಹೊರಗೆ.

ಹೆಸರಿನ ಕೊನೆಯಲ್ಲಿರುವ ನೀರನ್ನೂ ಬಿಡಬೇಡಿ. ಯಾದಗಿರಿಯ ಗೊಬ್ಬರದ ಅಂಗಡಿಯಲ್ಲಿ ಜಿಂಕ್ ಸಲ್ಫೇಟ್ ಕೇಳಿದರೆ ಎರಡು ಬಗೆಯ ಚೀಲ ಸಿಗಬಹುದು: ಒಂದರ ಮೇಲೆ ಸತು ಶೇ. 21, ಇನ್ನೊಂದರ ಮೇಲೆ ಶೇ. 33. ಮೊದಲನೆಯದು ಹೆಪ್ಟಾಹೈಡ್ರೇಟ್, ಒಂದು ಜಿಂಕ್ ಸಲ್ಫೇಟ್‌ಗೆ ಏಳು ನೀರು. ಎರಡನೆಯದು ಮಾನೋಹೈಡ್ರೇಟ್, ಒಂದೇ ನೀರು. ಒಂದೇ ಬೆಲೆಗೆ ಯಾವುದು ಲಾಭ ಅನ್ನುವುದನ್ನು ಹೆಸರೇ ಹೇಳಿಬಿಡುತ್ತದೆ. ಮೈಲುತುತ್ತಕ್ಕೂ (ಕಾಪರ್ ಸಲ್ಫೇಟ್) ಐದು ನೀರು ಅಂಟಿಕೊಂಡಿದೆ. ದ್ರಾವಣದಲ್ಲಿ ನಡೆಯುವ ಕ್ರಿಯೆಯ ಸಮೀಕರಣದಲ್ಲಿ ಆ ನೀರು ಬರೆಯಬೇಕಿಲ್ಲ, ಆದರೆ ತೂಗುವಾಗ ಬೇಕೇ ಬೇಕು: ಒಂದು ಮೋಲ್‌ಗೆ 159.5 ಗ್ರಾಂ ಅಲ್ಲ, 249.5 ಗ್ರಾಂ.

ಕೂಡಿತು ಅಂದ ಮಾತ್ರಕ್ಕೆ ಸರಿಯಲ್ಲ

ಅಲ್ಯೂಮಿನಿಯಂ ಕ್ಲೋರೈಡ್‌ಗೆ ಒಂದು ಅಲ್ಯೂಮಿನಿಯಂ, ಎರಡು ಕ್ಲೋರಿನ್ ಎಂದು ಬರೆದುಬಿಟ್ಟರೆ ಸಮೀಕರಣ ತಕ್ಷಣ ಕೂಡುತ್ತದೆ. ಒಂದಕ್ಕೊಂದು, ಎಷ್ಟು ಚಂದ! ಅನುಮಾನವೇ ಬರುವುದಿಲ್ಲ. ವೇಲೆನ್ಸಿ ಮೂರು ಎಂದು ನೆನಪಾದರೆ ಮಾತ್ರ ಸರಿಯಾದದ್ದು ಸಿಗುತ್ತದೆ:

2 ಅಲ್ಯೂಮಿನಿಯಂ + 3 ಕ್ಲೋರಿನ್ → 2 ಅಲ್ಯೂಮಿನಿಯಂ ಕ್ಲೋರೈಡ್

ಕಂಸ ಮರೆತಾಗ ಇದಕ್ಕೆ ತದ್ವಿರುದ್ಧ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕಂಸ ಹಾಕದೆ ಕೊನೆಗೆ 2 ಬರೆದರೆ ಆಕ್ಸಿಜನ್ ಒಂದೇ ಆಗುತ್ತದೆ, ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಎಷ್ಟು ಗುದ್ದಾಡಿದರೂ ಕೂಡುವುದಿಲ್ಲ. ಕೂಡಲೇಬೇಕೆಂದು ಸೂತ್ರದ ಕೆಳಗಿನ ಚಿಕ್ಕ ಅಂಕಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ನೀರಿಗೆ ಒಂದು ಆಕ್ಸಿಜನ್ ಹೆಚ್ಚಿಸಿದರೆ ಅದು ನೀರಾಗಿ ಉಳಿಯುವುದಿಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ.

ಅಂಕಿ ಹಾಕಿ ನೋಡುವ ವಿಧಾನ

ಇದನ್ನು ‘ಅಂದಾಜು’ ಎಂದು ಕರೆಯುವವರು ಕ್ರಮವಿಲ್ಲದೆ ಮಾಡುವವರು. ಕ್ರಮ ಹೀಗೆ: ಎಲ್ಲಕ್ಕಿಂತ ದೊಡ್ಡ ಸೂತ್ರದಿಂದ ಹೊರಡಿ. ಎರಡೂ ಬದಿಯಲ್ಲಿ ಒಂದೊಂದೇ ಸಂಯುಕ್ತದಲ್ಲಿರುವ ಧಾತುವನ್ನು ಮೊದಲು ಮುಗಿಸಿ. ಸಲ್ಫೇಟ್, ಫಾಸ್ಫೇಟ್‌ನಂಥ ಗುಂಪು ಒಡೆಯದೆ ಆ ಬದಿಗೆ ಹೋಗಿದ್ದರೆ ಇಡೀ ಗುಂಪನ್ನೇ ಒಂದಾಗಿ ಎಣಿಸಿ. ಒಂಟಿಯಾಗಿರುವ ಆಕ್ಸಿಜನ್, ಹೈಡ್ರೋಜನ್, ಲೋಹ ಕೊನೆಗೆ. ಅವುಗಳ ಅಂಕಿ ಬದಲಿಸಿದರೆ ಬೇರೆ ಯಾವುದೂ ಕೆಡುವುದಿಲ್ಲ. ಅರ್ಧ ಬಂದರೆ ಹೆದರದೆ ಇಟ್ಟು, ಕಡೆಗೆ ಎಲ್ಲವನ್ನೂ ಎರಡರಿಂದ ಗುಣಿಸಿ.

ಪೈರೈಟ್ ಸುಡುವುದನ್ನು ನೋಡಿ. ಪೈರೈಟ್‌ನಲ್ಲಿ ಒಂದು ಕಬ್ಬಿಣ, ಎರಡು ಗಂಧಕ. ಸುಟ್ಟರೆ ಐರನ್ (3) ಆಕ್ಸೈಡ್ ಮತ್ತು ಸಲ್ಫರ್ ಡೈಆಕ್ಸೈಡ್. ಬಲಗಡೆ ಕಬ್ಬಿಣ ಎರಡು, ಆದ್ದರಿಂದ ಪೈರೈಟ್ 2. ಗಂಧಕ ನಾಲ್ಕಾಯಿತು, ಸಲ್ಫರ್ ಡೈಆಕ್ಸೈಡ್ 4. ಬಲಗಡೆ ಆಕ್ಸಿಜನ್ ಮೂರು ಮತ್ತು ಎಂಟು, ಹನ್ನೊಂದು. ಅಂದರೆ ಆಕ್ಸಿಜನ್ ಅಣು ಐದೂವರೆ. ಎರಡರಿಂದ ಗುಣಿಸಿ:

4 ಪೈರೈಟ್ + 11 ಆಕ್ಸಿಜನ್ → 2 ಐರನ್ (3) ಆಕ್ಸೈಡ್ + 8 ಸಲ್ಫರ್ ಡೈಆಕ್ಸೈಡ್

ಆಕ್ಸಿಜನ್‌ನಿಂದ ಶುರು ಮಾಡಿದ್ದರೆ ಇದೇ ಲೆಕ್ಕ ಪುಟ ತುಂಬುತ್ತಿತ್ತು. ಬೀದರ್ ಜಿಲ್ಲೆಯ ಸಕ್ಕರೆಗೂ ಇದೇ ಕ್ರಮ. ಸುಕ್ರೋಸ್‌ನಲ್ಲಿ 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್. ಕಾಕಂಬಿ ಹುದುಗಿದಾಗ ಆಗುವುದು:

1 ಸುಕ್ರೋಸ್ + 1 ನೀರು → 4 ಎಥನಾಲ್ + 4 ಇಂಗಾಲದ ಡೈಆಕ್ಸೈಡ್

ಸುಕ್ರೋಸ್ ದೊಡ್ಡದು, ಅದನ್ನು 1 ಎಂದು ಗಟ್ಟಿ ಹಿಡಿದುಕೊಂಡರೆ ಉಳಿದದ್ದು ಸರಾಗ.

ಸಿಕ್ಕಿಹಾಕಿಕೊಂಡಾಗ: ಬೀಜಗಣಿತವೋ ಉತ್ಕರ್ಷಣ ಸಂಖ್ಯೆಯೋ?

ತಾಮ್ರ ಮತ್ತು ಸಾರರಿಕ್ತ (ಹೆಚ್ಚು ನೀರು ಬೆರೆತ) ನೈಟ್ರಿಕ್ ಆಮ್ಲ. ಉತ್ಪನ್ನಗಳು ಕಾಪರ್ (2) ನೈಟ್ರೇಟ್, ನೈಟ್ರಿಕ್ ಆಕ್ಸೈಡ್, ನೀರು. ಇಲ್ಲಿ ನೈಟ್ರೇಟ್‌ನ ಒಂದು ಪಾಲು ಹಾಗೇ ಉಳಿದು ಇನ್ನೊಂದು ಪಾಲು ಒಡೆಯುತ್ತದೆ. ಗುಂಪಾಗಿ ಎಣಿಸುವ ಉಪಾಯ ಕೈಕೊಡುವುದು ಇಲ್ಲಿ.

ಬೀಜಗಣಿತದಲ್ಲಿ ಐದು ಗುಣಾಂಕಗಳಿಗೆ ಐದು ಅಕ್ಷರ ಕೊಟ್ಟು, ತಾಮ್ರ, ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್‌ಗೆ ಒಂದೊಂದು ಸಮೀಕರಣ ಬರೆಯಬೇಕು. ತಾಮ್ರವನ್ನು 1 ಎಂದು ಹಿಡಿದರೆ ಆಮ್ಲ ಮೂರನೇ ಎಂಟು, ನೈಟ್ರಿಕ್ ಆಕ್ಸೈಡ್ ಮೂರನೇ ಎರಡು, ನೀರು ಮೂರನೇ ನಾಲ್ಕು ಎಂಬ ಭಿನ್ನರಾಶಿಗಳು ಬರುತ್ತವೆ. ಮೂರರಿಂದ ಗುಣಿಸಿದರೆ ಉತ್ತರ.

ಉತ್ಕರ್ಷಣ ಸಂಖ್ಯೆಯಲ್ಲಿ ತಾಮ್ರ 0ಯಿಂದ 2ಕ್ಕೆ ಏರಿತು, ಕಳೆದುಕೊಂಡದ್ದು ಎರಡು ಎಲೆಕ್ಟ್ರಾನ್. ನೈಟ್ರೋಜನ್ 5ರಿಂದ 2ಕ್ಕೆ ಇಳಿಯಿತು, ಪಡೆದದ್ದು ಮೂರು. ಲ.ಸಾ.ಅ. ಆರು; ಹಾಗಾಗಿ ತಾಮ್ರ 3, ನೈಟ್ರಿಕ್ ಆಕ್ಸೈಡ್ 2. ಮೂರು ಕಾಪರ್ ನೈಟ್ರೇಟ್‌ನಲ್ಲಿ ಒಡೆಯದ ನೈಟ್ರೇಟ್ ಆರು, ಒಡೆದದ್ದು ಎರಡು, ಆಮ್ಲ 8. ಹೈಡ್ರೋಜನ್ ಎಂಟು, ನೀರು 4:

3 ತಾಮ್ರ + 8 ನೈಟ್ರಿಕ್ ಆಮ್ಲ → 3 ಕಾಪರ್ (2) ನೈಟ್ರೇಟ್ + 2 ನೈಟ್ರಿಕ್ ಆಕ್ಸೈಡ್ + 4 ನೀರು

ಆಕ್ಸಿಜನ್‌ನ್ನು ನಾವು ಮುಟ್ಟೇ ಇಲ್ಲ, ಆದ್ದರಿಂದ ಅದೇ ಪರೀಕ್ಷಕ: ಎಡಕ್ಕೆ 24, ಬಲಕ್ಕೆ 18, 2, 4 ಸೇರಿ 24. ಇಲ್ಲಿ ಮಾಮೂಲಿ ತಪ್ಪೆಂದರೆ 2ನ್ನು ಆಮ್ಲದ ಹಿಂದೆ ಹಾಕಿ ಅಲ್ಲೇ ನಿಲ್ಲಿಸುವುದು. ಎಲೆಕ್ಟ್ರಾನ್ ಪಡೆದ ನೈಟ್ರೋಜನ್ ಎರಡೇ ನಿಜ, ಆದರೆ ತಾಮ್ರಕ್ಕೆ ಜೊತೆಯಾಗಿ ಹೋದ ಆರನ್ನು ಯಾರು ಕೊಡಬೇಕು? ಆಮ್ಲ ಸಾಂದ್ರವಾಗಿದ್ದರೆ ಉತ್ಪನ್ನವೇ ಬೇರೆ: ನೈಟ್ರೋಜನ್ ಡೈಆಕ್ಸೈಡ್, ಕಂದು ಹೊಗೆ. ಆಗ ಅನುಪಾತ 1, 4, 1, 2, 2. ಪ್ರಶ್ನೆಯಲ್ಲಿ ‘ಸಾರರಿಕ್ತ’ ಇದೆಯೋ ‘ಸಾಂದ್ರ’ ಇದೆಯೋ ನೋಡದೆ ಲೆಕ್ಕಕ್ಕೆ ಇಳಿಯಬೇಡಿ.

ಎರಡೂ ಸರಿಯುತ್ತರ ಕೊಟ್ಟವು ತಾನೇ, ಯಾವುದಾದರೇನು ಅನ್ನಬಹುದು. ವ್ಯತ್ಯಾಸ ಗೊತ್ತಾಗುವುದು ಹೈಡ್ರೋಜನ್ ಪೆರಾಕ್ಸೈಡ್ ಬಂದಾಗ. ಪೊಟ್ಯಾಸಿಯಂ ಪರ್ಮಾಂಗನೇಟ್, ಸಲ್ಫ್ಯೂರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಸೇರಿ ಪೊಟ್ಯಾಸಿಯಂ ಸಲ್ಫೇಟ್, ಮ್ಯಾಂಗನೀಸ್ (2) ಸಲ್ಫೇಟ್, ಆಕ್ಸಿಜನ್, ನೀರು ಆಗುತ್ತವೆ. ಪರ್ಮಾಂಗನೇಟ್ 2, ಆಮ್ಲ 3, ಪೊಟ್ಯಾಸಿಯಂ ಸಲ್ಫೇಟ್ 1, ಮ್ಯಾಂಗನೀಸ್ ಸಲ್ಫೇಟ್ 2 ಎಂಬಲ್ಲಿಗೆ ತಕರಾರಿಲ್ಲ. ಈಗ ಪೆರಾಕ್ಸೈಡ್ 1, ಆಕ್ಸಿಜನ್ 3, ನೀರು 4 ಹಾಕಿ ಎಣಿಸಿ: ಪ್ರತಿ ಪರಮಾಣುವೂ ಕೂಡುತ್ತದೆ. ಪೆರಾಕ್ಸೈಡ್ 3, ಆಕ್ಸಿಜನ್ 4, ನೀರು 6 ಹಾಕಿ, ಅದೂ ಕೂಡುತ್ತದೆ. 5, 5, 8 ಕೂಡ. ಹೀಗೇ ಮುಂದೆ ಎಷ್ಟು ಬೇಕಾದರೂ. ಬೀಜಗಣಿತದ ಕಣ್ಣಿಗೆ ಇವೆಲ್ಲವೂ ಸರಿ. ಮೊದಲು ಕೈಗೆ ಸಿಕ್ಕ ಚಿಕ್ಕ ಅಂಕಿಯನ್ನು ಬರೆದವರಿಗೆ ಅಂಕ ಹೋಗುತ್ತದೆ.

ಕಾರಣ ಇಷ್ಟೇ: ಪೆರಾಕ್ಸೈಡ್ ತಾನಾಗಿಯೇ ನೀರು ಮತ್ತು ಆಕ್ಸಿಜನ್ ಆಗಿ ಒಡೆಯಬಲ್ಲದು. ಆ ಎರಡನೇ ಕ್ರಿಯೆಯನ್ನು ಎಷ್ಟು ಪಾಲು ಬೆರೆಸಿದರೂ, ಕಳೆದರೂ ಪರಮಾಣು ಎಣಿಕೆ ಕೆಡುವುದಿಲ್ಲ. ಒಂದನ್ನೇ ಆರಿಸುವುದು ಎಲೆಕ್ಟ್ರಾನ್ ಲೆಕ್ಕ. ಮ್ಯಾಂಗನೀಸ್ 7ರಿಂದ 2ಕ್ಕೆ ಇಳಿಯುವಾಗ ಐದು ಎಲೆಕ್ಟ್ರಾನ್ ಪಡೆಯುತ್ತದೆ, ಎರಡು ಪರ್ಮಾಂಗನೇಟ್‌ಗೆ ಹತ್ತು. ಪೆರಾಕ್ಸೈಡ್‌ನ ಆಕ್ಸಿಜನ್ ಋಣ 1ರಿಂದ 0ಗೆ ಏರುತ್ತದೆ, ಒಂದು ಅಣು ಕೊಡುವುದು ಎರಡು. ಹತ್ತಕ್ಕೆ ಐದು ಅಣು ಬೇಕು. ಹೊರಬರುವ ಆಕ್ಸಿಜನ್ ಐದೂ ಅದರದ್ದೇ:

2 ಪೊಟ್ಯಾಸಿಯಂ ಪರ್ಮಾಂಗನೇಟ್ + 5 ಹೈಡ್ರೋಜನ್ ಪೆರಾಕ್ಸೈಡ್ + 3 ಸಲ್ಫ್ಯೂರಿಕ್ ಆಮ್ಲ → 1 ಪೊಟ್ಯಾಸಿಯಂ ಸಲ್ಫೇಟ್ + 2 ಮ್ಯಾಂಗನೀಸ್ (2) ಸಲ್ಫೇಟ್ + 5 ಆಕ್ಸಿಜನ್ + 8 ನೀರು

ಬೀಜಗಣಿತದಲ್ಲಿ ಒಂದನ್ನು 1 ಎಂದು ಹಿಡಿದ ಮೇಲೂ ಇನ್ನೊಂದು ಅಕ್ಷರ ಬಗೆಹರಿಯದೆ ಉಳಿದರೆ ಇಂಥದ್ದೇ ಪ್ರಸಂಗ ಎಂದು ತಿಳಿಯಿರಿ. ಅಲ್ಲಿಂದ ಎದ್ದು ಎಲೆಕ್ಟ್ರಾನ್‌ಗೆ ಬನ್ನಿ.

ಅರ್ಧಕ್ರಿಯೆ ಯಾವಾಗ?

ಬಿದ್ರಿ ಕೆಲಸದಲ್ಲಿ ಸತು–ತಾಮ್ರದ ಎರಕವನ್ನು ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ದ್ರಾವಣ ಸವರುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಕೆತ್ತುವ ಗೆರೆ ಎದ್ದು ಕಾಣುತ್ತದೆ. (ಕೊನೆಗೆ ಬರುವ ಶಾಶ್ವತ ಕಪ್ಪು ಬೇರೆ, ಅದು ನವಸಾಗರ (ಅಮೋನಿಯಂ ಕ್ಲೋರೈಡ್) ಮತ್ತು ಬೀದರ್ ಕೋಟೆಯ ಮಣ್ಣಿನ ಕೆಲಸ.) ಸವರಿದಾಗ ಮೇಲ್ಮೈಯ ಸತು ಕರಗಿ ತಾಮ್ರ ಕೂರುತ್ತದೆ: ಒಂದು ಸತು, ಒಂದು ಕಾಪರ್ (2) ಅಯಾನು, ಬಲಕ್ಕೆ ಒಂದು ಜಿಂಕ್ ಅಯಾನು, ಒಂದು ತಾಮ್ರ. ಎರಡೂ ಬದಿ ಧನ 2. ಕಾಪರ್ ಬದಲು ಬೆಳ್ಳಿಯ ಅಯಾನು ಇದ್ದರೆ? ಸತು ಒಂದು, ಬೆಳ್ಳಿ ಒಂದು ಎಂದು ಬರೆದರೆ ಪರಮಾಣು ಕೂಡುತ್ತವೆ, ಆದರೆ ಎಡಕ್ಕೆ ಧನ 1, ಬಲಕ್ಕೆ ಧನ 2. ತಪ್ಪು. ಬೆಳ್ಳಿ ಎರಡು ಬೇಕು. ಅಯಾನು ಸಮೀಕರಣದಲ್ಲಿ ಆವೇಶವನ್ನೂ ಎಣಿಸಬೇಕು ಅನ್ನುವುದು ಇದಕ್ಕೇ, ಅರ್ಧಕ್ರಿಯೆಯ ವಿಧಾನ ಕಟ್ಟಿರುವುದೂ ಇದರ ಮೇಲೇ.

ಪರ್ಮಾಂಗನೇಟ್ ಮತ್ತು ಐರನ್ (2), ಆಮ್ಲೀಯ ಮಾಧ್ಯಮ. ಮೊದಲ ಅರ್ಧ: ಐರನ್ (2) ಒಂದು ಎಲೆಕ್ಟ್ರಾನ್ ಬಿಟ್ಟು ಐರನ್ (3) ಆಗುತ್ತದೆ. ಎರಡನೆಯದರಲ್ಲಿ ಪರ್ಮಾಂಗನೇಟ್‌ನ ನಾಲ್ಕು ಆಕ್ಸಿಜನ್‌ಗೆ ಬಲಗಡೆ ನಾಲ್ಕು ನೀರು; ಆ ನೀರಿನ ಎಂಟು ಹೈಡ್ರೋಜನ್‌ಗೆ ಎಡಗಡೆ ಎಂಟು ಹೈಡ್ರೋಜನ್ ಅಯಾನು. ಈಗ ಎಡದ ಆವೇಶ ಧನ 7, ಬಲದ್ದು ಧನ 2. ಎಡಕ್ಕೆ ಐದು ಎಲೆಕ್ಟ್ರಾನ್. ಮೊದಲ ಅರ್ಧವನ್ನು ಐದರಿಂದ ಗುಣಿಸಿ ಕೂಡಿಸಿ:

1 ಪರ್ಮಾಂಗನೇಟ್ + 5 ಐರನ್ (2) + 8 ಹೈಡ್ರೋಜನ್ ಅಯಾನು → 1 ಮ್ಯಾಂಗನೀಸ್ (2) + 5 ಐರನ್ (3) + 4 ನೀರು

ಎರಡೂ ಬದಿ ಧನ 17. ಆಕ್ಸಿಜನ್, ಹೈಡ್ರೋಜನ್, ಆವೇಶ ಎಂಬ ಈ ಕ್ರಮ ತಪ್ಪಿಸಬೇಡಿ. ಆವೇಶವನ್ನು ಮೊದಲು ಮಾಡಿದರೆ ಆಮೇಲೆ ಹೈಡ್ರೋಜನ್ ಅಯಾನು ಸೇರಿಸಿದಾಗ ಅದು ಮತ್ತೆ ಕೆಡುತ್ತದೆ. ಪ್ರತ್ಯಾಮ್ಲೀಯ ಮಾಧ್ಯಮವಾದರೆ ಹೀಗೇ ಮುಗಿಸಿ, ಎಷ್ಟು ಹೈಡ್ರೋಜನ್ ಅಯಾನು ಉಳಿದಿದೆಯೋ ಅಷ್ಟು ಹೈಡ್ರಾಕ್ಸೈಡ್‌ನ್ನು ಎರಡೂ ಬದಿಗೆ ಸೇರಿಸಿ, ನೀರಾದದ್ದನ್ನು ಎರಡೂ ಬದಿಯಿಂದ ಹೊಡೆದುಹಾಕಿ.

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಲಾ 80 ಸೆಕೆಂಡ್. ಅಲ್ಲಿ ಇಡೀ ಸಮೀಕರಣ ಬರೆಯಲು ಹೋಗಬೇಡಿ. ಅನುಪಾತ ಕೇಳಿದ್ದರೆ ಎಲೆಕ್ಟ್ರಾನ್ ಮಾತ್ರ ಎಣಿಸಿ. ನಾಲ್ಕು ಆಯ್ಕೆ ಪೂರ್ಣ ಅಯಾನು ಸಮೀಕರಣಗಳಾಗಿದ್ದರೆ ಆವೇಶ ನೋಡಿದರೇ ಕೆಲವು ಉದುರುತ್ತವೆ. ವಾರ್ಷಿಕ ಪರೀಕ್ಷೆಯಲ್ಲಿ ಮಾತ್ರ ಹಂತಗಳನ್ನು ಬಿಡಬೇಡಿ, ಕೊನೆಗೆ ಗುಣಾಂಕಗಳನ್ನು ಚಿಕ್ಕ ಪೂರ್ಣಾಂಕಕ್ಕೆ ಇಳಿಸಿ.

ಮೇಲಿನ 1ಕ್ಕೆ 5 ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. 0.1 ಮೋಲಾರ್ ಮೋರ್ಸ್ ಸಾಲ್ಟ್ (ಐರನ್ (2) ಇರುವ ಲವಣ) 10 ಮಿಲಿ ಪಿಪೆಟ್ ಮಾಡಿದರೆ 0.02 ಮೋಲಾರ್ ಪರ್ಮಾಂಗನೇಟ್ 10 ಮಿಲಿ ಇಳಿಯಬೇಕು. ಆಕ್ಸಾಲಿಕ್ ಆಮ್ಲವಾದರೆ ಅನುಪಾತ 2ಕ್ಕೆ 5, ದ್ರಾವಣವನ್ನು 60–70 ಡಿಗ್ರಿಗೆ ಕಾಯಿಸಿಕೊಳ್ಳಬೇಕು. ಆಮ್ಲ ಸಾರರಿಕ್ತ ಸಲ್ಫ್ಯೂರಿಕ್ ಮಾತ್ರ. ಹೈಡ್ರೋಕ್ಲೋರಿಕ್ ಹಾಕಿದರೆ ಪರ್ಮಾಂಗನೇಟ್ ಅದರ ಕ್ಲೋರೈಡ್‌ನ್ನೂ ಉತ್ಕರ್ಷಿಸಿ ಬ್ಯೂರೆಟ್ ರೀಡಿಂಗ್ ಹೆಚ್ಚು ತೋರಿಸುತ್ತದೆ. ನೈಟ್ರಿಕ್ ತಾನೇ ಉತ್ಕರ್ಷಣಕಾರಿ, ರೀಡಿಂಗ್ ಕಡಿಮೆ ಬರುತ್ತದೆ. ಫ್ಲಾಸ್ಕ್‌ನಲ್ಲಿ ತಿಳಿಗುಲಾಬಿಯ ಬದಲು ಕಂದು ಗಷ್ಟು ಕಂಡರೆ ಅದು ಮ್ಯಾಂಗನೀಸ್ ಡೈಆಕ್ಸೈಡ್: ಆಮ್ಲ ಸಾಲದೆ ಕ್ರಿಯೆ ಐದು ಎಲೆಕ್ಟ್ರಾನ್ ಬಿಟ್ಟು ಮೂರರ ದಾರಿ ಹಿಡಿದಿದೆ, ನೀವು ಬರೆದ ಸಮೀಕರಣ ಅಲ್ಲಿ ನಡೆಯುತ್ತಿಲ್ಲ. ಆ ರೀಡಿಂಗ್ ಕೈಬಿಟ್ಟು, ಆಮ್ಲ ಹೆಚ್ಚಿಸಿ ಹೊಸದಾಗಿ ಪಿಪೆಟ್ ಮಾಡಿ.